ಕುಟುಂಬದಲ್ಲಿ ಯಾರಿಗೂ ಇಲ್ಲ

ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದಿದ್ದ ಆ ಕಾಲದಲ್ಲಿ ಉದ್ಯಾವರದ ನಮ್ಮ ಅಂಗಳದಲ್ಲಿ ಹುಡುಗಿಯರು ಸಂಜೆ ಕುಂಟೆಬಿಲ್ಲೆ ಆಡುತ್ತಿದ್ದರು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ನನ್ನ ಮೊಣಕೈ, ಮೊಣಕಾಲುಗಳಲ್ಲಿ ಕೆಂಪು ಕಲೆಗಳೆದ್ದು ಬಿಳಿ ಹೊಟ್ಟು ಉದುರುತ್ತಿತ್ತು. ಮಕ್ಕಳು ಹಾವಿನ ಪೊರೆ ಎಂದರು. ದೊಡ್ಡವರು ನಾಗದೋಷ ಎಂದರು, ಅಷ್ಟೇ ವ್ಯತ್ಯಾಸ.

ದೋಷ ಯಾರದು? ಅಮ್ಮನದೇ. ನಮ್ಮದು ಅಳಿಯಕಟ್ಟು, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಹಾಗಾಗಿ ರೋಗವೂ ಆ ಕಡೆಯಿಂದಲೇ ಬರಬೇಕಲ್ಲ! ಕಾಪುವಿನ ತರವಾಡು ಮನೆಗೆ, ಅಂದರೆ ಅಮ್ಮನ ಕುಟುಂಬದ ಮೂಲಮನೆಗೆ, ಯಜಮಾನರಾಗಿದ್ದ ನನ್ನ ಸೋದರಮಾವ ತೀರ್ಪು ಕೊಟ್ಟೇಬಿಟ್ಟರು.

"ಮೈಲಿಗೆಯಲ್ಲಿ ನಾಗಬನ ತುಳಿದಿದ್ದೀ ನೀನು. ಇನ್ನು ಈ ಕಡೆ ಬರುವುದು ಬೇಡ."

"ನಾನೆಂತ ಮಾಡಿದ್ದೇನೆ ಅಣ್ಣ?" ಎಂದಳು ಅಮ್ಮ.

ಪಕ್ಕದಲ್ಲೇ ಕೂತಿದ್ದ ಅಪ್ಪ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು.

ಆ ವರ್ಷ ನಾಗರಪಂಚಮಿಗೆ ಅಮ್ಮ ತವರಿಗೆ ಹೋಗದೆ ನಮ್ಮ ಅಡುಗೆಮನೆಯಲ್ಲೇ ಅರಶಿನ ಎಲೆಯಲ್ಲಿ ಅಕ್ಕಿಹಿಟ್ಟು ಸುತ್ತಿ ಗಟ್ಟಿ ಬೇಯಿಸಿದಳು. ಮನೆಯಿಡೀ ಪರಿಮಳ. ನಾನು ಹೊಟ್ಟೆ ಬಿರಿಯ ತಿಂದೆ. ಅವಳು ಒಂದನ್ನೂ ಬಾಯಿಗಿಡಲಿಲ್ಲ.

ಪೂಜೆ, ಹರಕೆ ಯಾವುದಕ್ಕೂ ಕಲೆ ಜಗ್ಗದಿದ್ದಾಗ ಮಾವನೇ ನಮ್ಮ ಮೂವರನ್ನೂ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನ ಮೊಣಕೈಯನ್ನು ಬೆಳಕಿಗೆ ಹಿಡಿದರು.

"ಸೋರಿಯಾಸಿಸ್. ಅಂಟುವ ರೋಗ ಅಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ?"

"ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ ಡಾಕ್ಟ್ರೇ," ಎಂದರು ಮಾವ. ಸುಳ್ಳೇನಲ್ಲ. ಅವರ ಮಟ್ಟಿಗೆ ಅಪ್ಪ ನಮ್ಮ ಕುಟುಂಬದವರೇ ಅಲ್ಲ.

"ತಂದೆಯ ಕಡೆ?"

ಅಪ್ಪ ನೆಲ ನೋಡಿದರು. "ನನ್ನ ಅಪ್ಪನಿಗೆ ಇತ್ತು. ನನಗೆ ಬರಲಿಲ್ಲ."

ಕಾರ್ಕಳದ ಆ ಅಜ್ಜ ಅಮ್ಮನ ಮದುವೆಗೆ ಮೊದಲೇ ತೀರಿಹೋಗಿದ್ದರು. ಅವಳು ಅವರನ್ನು ಕಂಡವಳೇ ಅಲ್ಲ.

"ನಿಮಗೆ ಬಾರದೆಯೂ ನಿಮ್ಮ ಮೂಲಕ ಮಗುವಿಗೆ ಬರಬಹುದು. ರಕ್ತದಲ್ಲಿ ಬರುವಂಥದ್ದು, ಯಾರ ತಪ್ಪೂ ಅಲ್ಲ," ಎಂದರು ಡಾಕ್ಟರು.

ಮಾವ ಕಾಪುವಿನ ಬಸ್ಸು ಹತ್ತಿದ ಮೇಲೆ ಅಮ್ಮ ಕೇಳಿದಳು, "ಗೊತ್ತಿದ್ದೂ ಸುಮ್ಮನಿದ್ರಾ?"

"ಅವರು ಕೇಳಿದ್ದು ನಿಮ್ಮ ಕುಟುಂಬದ ದೋಷ ಅಲ್ವಾ?" ಎಂದರು ಅಪ್ಪ.

ಡಾಂಬರು ವಾಸನೆಯ ಮುಲಾಮಿಗೆ ನನ್ನ ಕಲೆಗಳು ತಗ್ಗಿದವು, ಹುಡುಗಿಯರು ಆಟಕ್ಕೆ ಕರೆದರು. ಅಮ್ಮನನ್ನು ಮಾತ್ರ ಯಾರೂ ತವರಿಗೆ ಕರೆಯಲಿಲ್ಲ. ಡಾಕ್ಟರು ಹೇಳುವುದು ಬೇರೆ, ದೋಷ ಬೇರೆ ಎಂದರಂತೆ ಮಾವ. ಮಾವನನ್ನು ಹೇಗೋ ಕ್ಷಮಿಸಿದ್ದೇನೆ, ಅವರು ನಂಬಿದ್ದರು. ಅಪ್ಪನನ್ನು ಇವತ್ತಿಗೂ ಕ್ಷಮಿಸಲು ಆಗಿಲ್ಲ.

ಈಗ ಅವರು ಯಾರೂ ಇಲ್ಲ. ಅಮ್ಮ ಸಾಯುವ ಮೊದಲು ನನ್ನ ಮೊಣಕೈ ಸವರುತ್ತ ಕೇಳಿದ್ದಳು, "ನಾನು ಗೊತ್ತಿಲ್ಲದೆ ಬನ ತುಳಿದಿರಬಹುದಾ ಮಗಾ?"