ಎಕ್ಸಲೇಟರಿಗೆ ಸುತ್ತಿದ ದೇವರ ವಸ್ತ್ರ

ಶರಣ ಬಂಧುಗಳೇ, ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಶಾಂತವ್ವ ಮಗ ಓಡಿಸುತ್ತಿದ್ದ ನಮ್ಮ ಬೈಕಿನ ಹಿಂದಿನ ಸೀಟಿನಿಂದ ಬಿದ್ದು ತಲೆಗೆ ಭಾರಿ ಪೆಟ್ಟು ಮಾಡಿಕೊಂಡಳು. ಬೀಳಿಸಿದವನು ನಾನು. ಆ ಹೊತ್ತಿನಲ್ಲಿ ನಾನು ಕೆಲಗೇರಿಯ ನಮ್ಮ ಮನೆಯಲ್ಲಿ ಪೂಜೆಗೆ ಕುಳಿತಿದ್ದೆ.

ಹುಬ್ಬಳ್ಳಿಯ ದುರ್ಗದಬೈಲಿನ ಅರಿವೆ ಅಂಗಡಿಯಲ್ಲಿ ಕತ್ತರಿ ಹಿಡಿದೇ ಮುದುಕನಾದವನು ನಾನು. ಬಲಗೈಯ ಮಣಿಕಟ್ಟು ಸದಾ ನೋಯುತ್ತದೆ. ಸಂಜೆ ಬೈಕಿನಲ್ಲಿ ಗುಡಿಗೆ ಹೋಗಿ ಬಂದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಅದನ್ನು ನೋಡಿ ಮಗ ಮಲ್ಲು ಹುಬ್ಬಳ್ಳಿಯಿಂದ ಎರಡು ಸಾಮಾನು ತಂದ. ಒಂದು, ಎಕ್ಸಲೇಟರ್ ಹಿಡಿಕೆಗೆ ತೊಡಿಸುವ ಮೆತ್ತನೆಯ ಸ್ಪಂಜಿನ ಕವರು. ಇನ್ನೊಂದು, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಅಂಗೈ ಊರಿದರೆ ಸಾಕು, ಬಿಗಿಯಾಗಿ ಹಿಡಿಯದೆಯೇ ಎಕ್ಸಲೇಟರ್ ತಿರುಗುತ್ತದೆ.

"ಪಟ್ಟಿ ಭಾಳ ಮ್ಯಾಲ ಇದ್ರ ಬ್ರೇಕ್ ಹಿಡಿಯೂ ಮುಂದ ಅಂಗೈ ಒತ್ತಿ ಗಾಡಿ ಜಿಗೀತೈತ್ರಿ ಅಪ್ಪಾ," ಎಂದು ಅವನು ಅದನ್ನು ಕೆಳಗೆ ಸರಿಸಿ ಕೂಡಿಸಿದ. ಹಿಡಿಕೆಯನ್ನು ತಿರುವಿ ತಿರುವಿ ಬಿಟ್ಟು ನೋಡಿದ. "ಕೈ ಬಿಟ್ಟ ಕೂಡ್ಲೆ ಟಕ್ ಅಂತ ಹಿಂದ ಬರಬೇಕ್ರಿ. ಇದಕ್ಕ ಮತ್ತ ಏನೂ ಸುತ್ತಬ್ಯಾಡ್ರಿ."

"ನಿನ್ನ ಸೈಕಲ್ ಮ್ಯಾಲ ಸಾಲಿಗೆ ಬಿಟ್ಟಾಂವ ನಾನು. ನನಗ ಗಾಡಿ ಕಲಸ್ತಿಯೇನಲೇ?" ಎಂದು ನಕ್ಕೆ.

ಕವರು ಜಾರತೊಡಗಿತು. ಭಾನುವಾರ ಬಸವಣ್ಣನ ಗುಡಿಯಲ್ಲಿ ಪೂಜಾರಿ ದೇವರ ಮೈಮೇಲಿನ ವಸ್ತ್ರದ ಒಂದು ತುಂಡು ಕೊಟ್ಟರು. ಎಲ್ಲರೂ ಅದನ್ನು ಗಾಡಿಯ ಕನ್ನಡಿಗೆ ಕಟ್ಟುತ್ತಾರೆ. ನಾನು ಹಿಡಿಕೆಗೇ ಸುತ್ತಿ, ಮೇಲೆ ಕವರು ಎಳೆದೆ. ಕವರು ಜಾರುವುದಿಲ್ಲ, ಕೈಯೂ ಸದಾ ದೇವರ ವಸ್ತ್ರದ ಮೇಲಿರುತ್ತದೆ ಎಂದುಕೊಂಡೆ. ತಿರುವಿ ನೋಡಲಿಲ್ಲ. ದೇವರ ವಸ್ತ್ರ ಕಟ್ಟಿದ ಮೇಲೂ ಪರೀಕ್ಷೆ ಮಾಡಿದರೆ ಅದು ಅಪನಂಬಿಕೆ ಎಂದು ನನ್ನ ತಲೆ ಹೇಳಿತು.

ಮರುದಿನ ಬೆಳಿಗ್ಗೆ ತಾಯಿಯನ್ನು ಕೂಡಿಸಿಕೊಂಡು ಹೊರಟ ಮಲ್ಲುವಿಗೆ ಒಳಗಿನದು ಕಾಣಲಿಲ್ಲ. ಕೆರೆಯ ರಸ್ತೆಯ ತಿರುವಿನಲ್ಲಿ ಗಾಡಿ ನಿಲ್ಲದೆ ಗೋಡೆಗೆ ಬಡಿಯಿತು. ಅವನಿಗೆ ತರಚುಗಾಯ. ಅವಳು ಕಣ್ಣು ತೆರೆಯಲಿಲ್ಲ.

ನೆರೆಯವರು ಬೈಕನ್ನು ಮನೆಗೆ ತಂದು ನಿಲ್ಲಿಸಿದರು. ಯಾರೂ ಇಲ್ಲದಾಗ ಕವರು ಸರಿಸಿದೆ. ವಸ್ತ್ರದ ಒಂದು ಚುಂಗು ಹಿಡಿಕೆಗೂ ಸ್ವಿಚ್ಚಿನ ಡಬ್ಬಿಗೂ ನಡುವಿನ ಸಂದಿಯಲ್ಲಿ ಸಿಕ್ಕಿ ಎಕ್ಸಲೇಟರನ್ನು ಬಿಗಿದು ಹಿಡಿದಿತ್ತು. ಕಿತ್ತು ತೆಗೆದು ದೇವರ ಕೋಣೆಯಲ್ಲಿ ಬಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯ ಐಸಿಯು ಮುಂದೆ ಮಗಳು ಗೌರಿ ತಮ್ಮನನ್ನು ಹರಿದು ತಿಂದಳು. "ಅವ್ವನ್ನ ಕೂಡಿಸ್ಕೊಂಡು ರೇಸ್ ಹಚ್ಚಿದ್ದೇನೋ?"

"ನಾ ಕೈ ಬಿಟ್ಟಿದ್ದೆ ಅಕ್ಕಾ. ಗಾಡಿನ ನಿಲ್ಲಲಿಲ್ಲ."

"ಹೌದು, ಗಾಡಿಗೆ ದೆವ್ವ ಹೊಕ್ಕಿತ್ತು!"

ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ.

ದಿನಾ ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ. ಕಿಟಕಿಗೆ ಹಣೆ ಒತ್ತಿ "ಇವಳನ್ನು ಉಳಿಸು ಶಿವನೇ" ಎನ್ನುವಾಗಲೇ, ಅದರ ಬೆನ್ನಿಗೆ "ಆ ವಿಷಯ ಹೊರಬೀಳದಿರಲಿ" ಎಂದೂ ಮನಸ್ಸು ಬೇಡುತ್ತಿತ್ತು. ಇಷ್ಟಲಿಂಗ ಹಿಡಿದ ಅಂಗೈ ಬೆವರುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ಡಾಕ್ಟರು ಕರೆದು, "ಅಜ್ಜಾರ, ಮೆದುಳಿನ ಬಾವು ಹೆಚ್ಚಾಗೇತ್ರಿ. ಆಪರೇಶನ್ ಮಾಡ್ತೀವಿ. ಮುಂದಿಂದು ಏನೂ ಹೇಳಾಕ ಬರಂಗಿಲ್ಲ," ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಎರಡನೆಯದನ್ನು ಕೇಳಲು ಆಗ ಬಾಯಿ ಬರಲಿಲ್ಲ. "ನನ್ನ ಮಾನ ತಗೋ ತಂದೆ, ಅವಳನ್ನು ಕೊಡು" ಎಂದು ಅತ್ತೆ. ಜನ ನೋಡುತ್ತಿದ್ದರು.

ಕೊಟ್ಟ. ಡಾಕ್ಟರೂ ಅಷ್ಟು ಬೇಗ ನಿರೀಕ್ಷಿಸಿರಲಿಲ್ಲವಂತೆ. ಕಣ್ಣು ತೆರೆದ ಶಾಂತವ್ವ ಎಲ್ಲರನ್ನೂ ಗುರುತಿಸಿದಳು. ಮಗನ ಮೇಲೆ ಕಣ್ಣು ನಿಲ್ಲಿಸಿ, ಕೇಳಿಸಿತೋ ಇಲ್ಲವೋ ಎನ್ನುವ ದನಿಯಲ್ಲಿ, "ಗಾಡಿ ಅಷ್ಟ್ ಜೋರ್ ಯಾಕ ಹೊಡದಿ?" ಎಂದಳು.

ಮಲ್ಲು ಅವಳ ಪಾದ ಹಿಡಿದುಕೊಂಡ. "ತಪ್ಪಾತು ಯವ್ವಾ."

ನನ್ನ ಕೈ ಮಂಚದ ಸರಳನ್ನು ಹಿಡಿಯಿತು. "ಅಂವಾ ಅಲ್ಲ. ನಾನು," ಎಂದೆ. ವಸ್ತ್ರ ಸುತ್ತಿದ್ದು, ಬಚ್ಚಿಟ್ಟಿದ್ದು, ಎಲ್ಲ ಹೇಳಿದೆ.

ಗೌರಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಲ್ಲು ತಾಯಿಯ ಪಾದ ಬಿಟ್ಟು ತನ್ನ ಬಲಗೈಯನ್ನು ಮುಂದೆ ಹಿಡಿದ. "ನಾನ ತಿರುವಿರಬೇಕು ಅಂತ ನಂಬಾಕತ್ತಿದ್ದೆರಿ ಅಪ್ಪಾ. ಈ ಕೈ ನೋಡ್ಕೊಂತ ಕುಂಡರ್ತಿದ್ದೆ." ಎದ್ದು ಹೊರಗೆ ಹೋದ.

"ನನ್ನ ಮಾರಿ ಏನ್ ನೋಡ್ತೀರಿ?" ಎಂದಳು ಶಾಂತವ್ವ. "ಅವನ ಹಿಂದ ಹೋಗ್ರಿ."

ಹೋದೆ. ಮಗ ಮೆಟ್ಟಿಲ ಮೇಲೆ ಕುಳಿತಿದ್ದ. ನನ್ನ ಕಡೆ ನೋಡದೆ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

ಶಾಂತವ್ವ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಬಂಧುಗಳೇ, ದೇವರ ವಸ್ತ್ರವನ್ನು ಕನ್ನಡಿಗೆ ಕಟ್ಟಿರಿ, ಎಕ್ಸಲೇಟರಿಗೆ ಬೇಡ. ಕವರಾಗಲಿ ಪಟ್ಟಿಯಾಗಲಿ ಹಾಕಿದರೆ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಹೊರಳಿಸಿ, ಹಿಡಿಕೆ ತಾನಾಗಿ ಹಿಂದಕ್ಕೆ ಬರುವುದೋ ನೋಡಿಯೇ ಹೊರಡಿರಿ. ಹಾಗೆ ನೋಡುವುದು ಅಪನಂಬಿಕೆಯಲ್ಲ. ನಾನು ಬೇಡಿದ ಎರಡರಲ್ಲಿ ಶಿವ ಒಂದನ್ನು ಕೊಟ್ಟ, ಇನ್ನೊಂದನ್ನು ಕೊಡಲಿಲ್ಲ. ಕೊಡದೆ ಹೋದದ್ದಕ್ಕೂ ದಿನಾ ಅವನಿಗೆ ಶರಣು ಹೇಳುತ್ತೇನೆ.