ತೊಳೆಯದ ಫಿಲ್ಟರ್

ಆಸ್ಪತ್ರೆಯ ತೋಟದ ಮಾಲಿಗೆ ತನ್ನ ಕೆಲಸದ ಬಗ್ಗೆ ಎಲ್ಲಿಲ್ಲದ ಜಂಬ. ಗೇಟಿನ ಬಳಿಯ ದಾಸವಾಳಗಳು ಬಾಡಿದಾಗ ಅವನು ಹಿಂದೆಮುಂದೆ ನೋಡದೆ ಮುದಿ ಕಾವಲುಗಾರನ ಮೇಲೆ ಹರಿಹಾಯ್ದ.

"ನಿಮ್ಮ ಕುರ್ಚಿ ಡ್ರಿಪ್ ಪೈಪನ್ನ ಅದುಮ್ತಾ ಇದೆ. ಇನ್ನು ಗಿಡಕ್ಕೆ ನೀರು ಎಲ್ಲಿಂದ ಬರಬೇಕು?"

ಹೋಗಿಬರುವವರೆಲ್ಲ ನಿಂತು ನೋಡಿದರು. ಮುದುಕ ಮರದ ನೆರಳು ಬಿಟ್ಟು ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡ.

ವಾರ ಕಳೆದರೂ ಗಿಡಗಳು ಚೇತರಿಸಿಕೊಳ್ಳಲಿಲ್ಲ. ಕೊನೆಗೆ ಮಾಲಿ ಡ್ರಿಪ್ ಪೈಪಿಗೆ ನೀರು ಬಿಡುವ ಟ್ಯಾಂಕಿನ ಪಕ್ಕದ ಫಿಲ್ಟರ್ ಬಿಚ್ಚಿದ. ಒಳಗಿನ ಜಾಲರಿಯ ತುಂಬ ಪಾಚಿ ಮೆತ್ತಿಕೊಂಡಿತ್ತು. ವಾರವಾರ ತೊಳೆಯಬೇಕಾದದ್ದನ್ನು ಅವನು ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ಅವನ ಕಿವಿ ಬಿಸಿಯಾಯಿತು.

ಜಾಲರಿ ತೊಳೆದು, ಪೈಪಿನ ತುದಿ ಬಿಚ್ಚಿ ಕೊಳೆನೀರು ಹರಿಯಬಿಟ್ಟು, ಅವನು ಗೇಟಿಗೆ ಬಂದ. ಮುದುಕ ತಾನು ಕುಡಿಯಲು ತಂದ ನೀರನ್ನು ದಾಸವಾಳದ ಬುಡಕ್ಕೆ ಸುರಿಯುತ್ತಿದ್ದ.

"ಅಜ್ಜಾ, ತಪ್ಪು ನಿಮ್ಮದಲ್ಲ, ನಂದು. ನಾನೇ ಫಿಲ್ಟರ್ ತೊಳೆದಿರಲಿಲ್ಲ. ಕುರ್ಚಿ ನೆರಳಿಗೆ ಹಾಕ್ಕೊಳ್ಳಿ."

"ಹೌದೇನಪ್ಪ? ನನ್ನಿಂದ ಗಿಡ ಸಾಯ್ತಿದಾವೆ ಅಂತ ಕೊರಗ್ತಾ ಇದ್ದೆ," ಎಂದು ಮುದುಕ ಮನಸಾರೆ ನಕ್ಕ.

ಬೈದಿದ್ದರೆ ಮಾಲಿ ತಡೆದುಕೊಳ್ಳುತ್ತಿದ್ದ. ಆ ನಗುವಿನ ಮುಂದೆ ಅವನಿಗೆ ತಲೆಯೆತ್ತಲಾಗಲಿಲ್ಲ. ಆಮೇಲೆ ಎಷ್ಟೋ ದಿನ ಅವನು ಹಿಂಬಾಗಿಲಿನಿಂದಲೇ ಕೆಲಸಕ್ಕೆ ಬರುತ್ತಿದ್ದ.