ತಮ್ಮನ ಸ್ವರದಲ್ಲಿ ಆಡಿದ ಮಾತು

ಜಯಲಕ್ಷ್ಮಿಯ ಅಜ್ಜ ಕಾಂತಪ್ಪ ಕಾಪು ಸೀಮೆಯಿಂದ ಉಟ್ಟ ಪಂಚೆಯಲ್ಲಿ ಮದ್ರಾಸಿಗೆ ಬಂದು, ಸೌಕಾರ್‌ಪೇಟೆಯ ಊಟದ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷ ಒಲೆಯ ಮುಂದೆ ನಿಂತವನು. ಒಂದು ಸಲ ಬಿರುಗಾಳಿಗೆ ರೈಲುಗಳು ನಿಂತು, ಜನ ಮಕ್ಕಳುಮರಿ ಸಮೇತ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದರು. ಹೋಟೆಲಿನ ಧಣಿ ಅಕ್ಕಿ ಕೋಣೆಯ ಬೀಗದ ಕೈ ಕೊಡಲು ಮೀನಮೇಷ ಎಣಿಸಿದ. ಕಾಂತಪ್ಪ ಬಾಗಿಲನ್ನೇ ತಿರುಗಣೆಯಿಂದ ಎತ್ತಿ ಪಕ್ಕಕ್ಕಿಟ್ಟ; ಮೂರು ದಿನ ಗಂಜಿ ಬೇಯಿಸಿ ಸ್ಟೇಷನ್ನಿಗೆ ಹೊತ್ತೊಯ್ದು ಬಡಿಸಿದ. ನಾಲ್ಕನೆಯ ದಿನ ಬಾಗಿಲನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, "ಕೆಲಸ ಉಂಟಾ, ಇಲ್ವಾ?" ಎಂದು ಕೇಳಿದ. ಧಣಿ ತಲೆ ತಗ್ಗಿಸಿ "ಉಂಟು" ಎಂದ.

ಕಾಂತಪ್ಪನ ಮಗ ತ್ಯಾಂಪಣ್ಣ ಕೋಡಂಬಾಕದ ಒಂದು ಸ್ಟುಡಿಯೋದಲ್ಲಿ ಕ್ಯಾಂಟೀನು ಇಟ್ಟ. ಕನ್ನಡ ಚಿತ್ರಗಳೂ ಅಲ್ಲೇ ತಯಾರಾಗುತ್ತಿದ್ದ ಕಾಲವದು. ಒಂದು ದಿನ ಡಾಕ್ಟರ ಪಾತ್ರಕ್ಕೆ ಮಾತು ಕೊಡಬೇಕಾದವನು ಬರಲಿಲ್ಲ. ಬೋಂಡ ಕರಿಯುತ್ತಿದ್ದ ತ್ಯಾಂಪಣ್ಣನನ್ನು ಕೈಯಲ್ಲಿದ್ದ ಜಾಲರಿ ಸೌಟಿನ ಸಮೇತ ಎಳೆದುಕೊಂಡು ಹೋಗಿ ಮೈಕಿನ ಮುಂದೆ ನಿಲ್ಲಿಸಿದರು. "ಇನ್ನೆಲ್ಲ ದೇವರ ಕೈಯಲ್ಲಿದೆ" ಎಂದು ಗಂಭೀರವಾಗಿ ಹೇಳಿ, ಹಿಂದಕ್ಕೆ ಓಡಿ ಬಂದು ಉಳಿದ ಬೋಂಡ ಕರಿದ. ಆಮೇಲೆ ಹದಿನೈದು ವರ್ಷ ಆ ಸ್ಟುಡಿಯೋದ ಕನ್ನಡ ಚಿತ್ರಗಳಲ್ಲಿ ಯಾವ ಡಾಕ್ಟರು ಕೈಚೆಲ್ಲಿದರೂ ಸ್ವರ ಮಾತ್ರ ತ್ಯಾಂಪಣ್ಣನದು.

ಅಂಥವರ ಮನೆಯಲ್ಲಿ ಹುಟ್ಟಿದ ಜಯಲಕ್ಷ್ಮಿಗೆ ಈಗ ಅರವತ್ತೆರಡು. ಕ್ರೋಂಪೇಟೆ ಸ್ಟೇಷನ್ನಿನ ಹಿಂದೆ, ಮಹಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಪರದೆಯ ಮೇಲೆ ಬೇರೆಯವರು ಬಾಯಿ ಆಡಿಸಿದ್ದಕ್ಕೆ ಕನ್ನಡದ ಮಾತು ಕೊಡುವುದೇ ಅವಳ ಜೀವನ. ಸೊಸೆಯನ್ನು ಗೋಳು ಹೊಯ್ದುಕೊಂಡ ಅತ್ತೆಯಂದಿರು, ಹೆರಿಗೆ ಮಾಡಿಸಿದ ಸೂಲಗಿತ್ತಿಯರು, ಸೋಪಿನ ಜಾಹೀರಾತಿನ ತಾಯಂದಿರು ಎಷ್ಟೋ ಜನ ಅವಳ ಗಂಟಲಿನಿಂದ ಹೊರಗೆ ಬಂದಿದ್ದಾರೆ. ಬೀದಿಯಲ್ಲಿ ತರಕಾರಿಯವನಿಗೆ ಕೂಡ ಅವಳ ಗುರುತಿಲ್ಲ.

ಅವಳಿಗೆ ಒಬ್ಬನೇ ತಮ್ಮ, ಸುರೇಶ್. ಮೂರು ವರ್ಷ ಚಿಕ್ಕವನು. ಇಬ್ಬರೂ ಚಿಕ್ಕಂದಿನಲ್ಲೇ ತಂದೆಯ ಹಿಂದೆ ಸ್ಟುಡಿಯೋ ಹೊಕ್ಕವರು. ಆಗ ಎಲ್ಲರೂ ಒಂದೇ ಮೈಕಿನ ಸುತ್ತ ನಿಲ್ಲಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಹೇಳಬೇಕು. ಮೈಕು ಎಟುಕಲೆಂದು ಇಬ್ಬರನ್ನೂ ಬೋರಲು ಹಾಕಿದ ಹಾಲಿನ ಕ್ಯಾನಿನ ಮೇಲೆ ನಿಲ್ಲಿಸುತ್ತಿದ್ದರು. ಪರದೆಯ ತುಟಿ ಯಾವಾಗ ತೆರೆಯುತ್ತದೆಂದು ಸುರೇಶನಿಗೆ ತಿಳಿಯುತ್ತಿರಲಿಲ್ಲ. ಅಕ್ಕ ಬೆನ್ನ ಹಿಂದೆ ಅವನ ಮಣಿಕಟ್ಟು ಹಿಡಿದು ಸರಿಯಾದ ಗಳಿಗೆಗೆ ಅದುಮುತ್ತಿದ್ದಳು. ಅದುಮಿದ ಕೂಡಲೇ ಅವನು ಬಾಯಿ ಬಿಡುತ್ತಿದ್ದ. ಹೀಗೆ ಐದಾರು ವರ್ಷ ನಡೆಯಿತು.

ಹದಿನಾಲ್ಕರಲ್ಲಿ, ಒಂದು ಚಿತ್ರದ ನಡುವೆಯೇ, ಸುರೇಶನ ಗಂಟಲು ಒಡೆಯಿತು. ಮುಕ್ಕಾಲು ಪಾತ್ರ ಮುಗಿದಿತ್ತು. ನಿರ್ಮಾಪಕ ತಲೆಯ ಮೇಲೆ ಕೈ ಹೊತ್ತ. ಜಯಲಕ್ಷ್ಮಿ ಮುಂದೆ ಬಂದು ತಮ್ಮನ ಸ್ವರದಲ್ಲೇ ಉಳಿದದ್ದನ್ನು ಹೇಳಿ ಮುಗಿಸಿದಳು. ಕೇಳಿದ ತ್ಯಾಂಪಣ್ಣನಿಗೇ ಎಲ್ಲಿ ಮಗ ನಿಂತ, ಎಲ್ಲಿ ಮಗಳು ಹಿಡಿದಳು ಎಂದು ಗೊತ್ತಾಗಲಿಲ್ಲ. "ನನ್ನನ್ನು ನುಂಗಿ ಬಿಟ್ಳು ಇವಳು" ಎಂದು ಸುರೇಶ್ ಊರೆಲ್ಲ ನಗುತ್ತ ಹೇಳಿಕೊಂಡು ತಿರುಗಿದ.

ಕನ್ನಡ ಚಿತ್ರಗಳು ಮದ್ರಾಸು ಬಿಟ್ಟು ಹೋದವು. ತ್ಯಾಂಪಣ್ಣ ತೀರಿಕೊಂಡ. ಸುರೇಶ್ ಜಾಹೀರಾತಿನ ಮಾತು ಹುಡುಕಿಕೊಂಡು ಮುಂಬಯಿಗೆ ಹೋದ. ತಾಯಿ ಅಮ್ಮಣ್ಣಿ ಲಕ್ವ ಹೊಡೆದು ಹಾಸಿಗೆ ಹಿಡಿದಳು. ಕಣ್ಣು ಪೂರ್ತಿ ಹೋಯಿತು, ಕಿವಿ ಅರ್ಧ. ಜಯಲಕ್ಷ್ಮಿ ಮದುವೆಯ ಮಾತೆತ್ತದೆ ಒಂಬತ್ತು ವರ್ಷ ತಾಯಿಯ ಮಲಮೂತ್ರ ಬಾಚಿದಳು.

ಹದಿನೇಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಮ್ಮಣ್ಣಿಯ ಉಸಿರು ಎಳೆಯತೊಡಗಿತು. ಅವಳ ಬಾಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ಸುರೇಶ ಬಂದನಾ?" ಜಯಲಕ್ಷ್ಮಿ ಮುಂಬಯಿಗೆ ಫೋನಿನ ಮೇಲೆ ಫೋನು ಮಾಡಿದಳು. ಸುರೇಶ್ ಮೈಕಿನ ಕೋಣೆಯೊಳಗಿದ್ದ. ಅಲ್ಲಿ ಫೋನು ಆರಿಸಿಡುವುದು ಕಟ್ಟುನಿಟ್ಟು. ನಾಲ್ಕು ಗಂಟೆಗೆ ಅಮ್ಮಣ್ಣಿಯ ಕೈಕಾಲು ತಣ್ಣಗಾಗುತ್ತ ಬಂದವು. "ಬಂದನಾ?" ಎನ್ನುವುದು ಮಾತ್ರ ನಿಲ್ಲಲಿಲ್ಲ.

ಜಯಲಕ್ಷ್ಮಿ ಎದ್ದು ಹೊರಗೆ ಹೋದಳು. ಬಾಗಿಲಿನ ಚಿಲಕವನ್ನು ಸದ್ದು ಮಾಡಿಸಿ, ಒಂದು ಚೀಲವನ್ನು ಧಡಕ್ಕನೆ ನೆಲಕ್ಕೆ ಹಾಕಿ, ಗಂಡಸಿನ ಹೆಜ್ಜೆ ಹಾಕುತ್ತ ಒಳಗೆ ಬಂದು ಹಾಸಿಗೆಯ ಪಕ್ಕ ಕೂತಳು.

"ಅಮ್ಮಾ, ನಾನು. ಬಂದೆ."

ಸ್ವರ ಸುರೇಶನದು. ಅಮ್ಮಣ್ಣಿಯ ಮುಖ ಅರಳಿತು. ಮಗನೆಂದುಕೊಂಡು ಎರಡು ನಿಮಿಷ ಮಾತಾಡಿದಳು, ಕೊನೆಗೆ ನಕ್ಕಳು, ಸಂಜೆ ದೀಪ ಹಚ್ಚುವ ಮೊದಲು ಹೋದಳು.

ಮರುದಿನ ಬೆಳಿಗ್ಗೆ ಸುರೇಶ್ ಬಂದು ಇಳಿದಾಗ ಚಿಕ್ಕಮ್ಮ ಹುಚ್ಚಮ್ಮ ಬಾಗಿಲಲ್ಲೇ ಕೇಳಿದಳು, "ನಿನ್ನೆ ಅಮ್ಮನ ಹತ್ರ ಅಷ್ಟು ಮಾತಾಡಿ ಎದ್ದು ಎಲ್ಲಿಗೆ ಹೋದೆ ಮಾರಾಯ?" ಅವಳು ಆಗ ಅಡುಗೆಮನೆಯಲ್ಲಿ ಭುಸುಗುಟ್ಟುವ ಪಂಪ್ ಸ್ಟೌವಿನ ಮುಂದೆ ಇದ್ದವಳು, ಸ್ವರ ಕೇಳಿದ್ದಳು, ಮಾತು ತಿಳಿದಿರಲಿಲ್ಲ.

ಸುರೇಶನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕನನ್ನು ಮೂಲೆಗೆ ಕರೆದ.

"ಅಮ್ಮ ನನಗೆ ಎಂತ ಹೇಳಿದ್ಲು?"

"ಏನೂ ಹೇಳ್ಲಿಲ್ಲ."

"ಎರಡು ನಿಮಿಷ ಏನೂ ಹೇಳ್ಲಿಕ್ಕೆ ಆಗ್ತದಾ? ನನಗೆ ಹೇಳಿದ್ದು ಅದು. ನಿನಗಲ್ಲ."

"ಏನೂ ಇಲ್ಲ ಅಂದೆನಲ್ಲ."

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅವನು ಎಲ್ಲರೆದುರು ಹೇಳಿದ: "ಅಮ್ಮ ನನಗೆ ಬಿಟ್ಟು ಹೋದ ಮಾತು ಇವಳ ಹೊಟ್ಟೆಯಲ್ಲಿ ಉಂಟು. ಅದನ್ನು ಹೊರಗೆ ಹಾಕುವವರೆಗೆ ಇವಳು ನನಗೆ ಅಕ್ಕ ಅಲ್ಲ." ಐದು ವರ್ಷದ ಮೇಲೆ ಅವನು ಹೆಂಡತಿ ಮಕ್ಕಳೊಂದಿಗೆ ಚೆನ್ನೈಗೇ ಮರಳಿ ಟಿ. ನಗರದಲ್ಲಿ ಮನೆ ಮಾಡಿದ. ಕ್ರೋಂಪೇಟೆಗೆ ರೈಲಿನಲ್ಲಿ ಅರ್ಧ ಗಂಟೆ. ಒಮ್ಮೆಯೂ ಬರಲಿಲ್ಲ. ಯಾರದೋ ಮದುವೆಯಲ್ಲಿ ಎದುರಾದರೆ ಊಟದ ಸಾಲಿನ ಎರಡು ತುದಿಗಳಲ್ಲಿ ಕೂರುತ್ತಿದ್ದರು.

ಹೀಗಿರುವಾಗ ಕಳೆದ ತಿಂಗಳು ಜಯಲಕ್ಷ್ಮಿಯ ಗಂಟಲು ಕಟ್ಟಿದ್ದು ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ ನೋಡಿ, ಒಳಗೆ ಗಡ್ಡೆ ಇದೆ, ಸ್ವರಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ದಿನವನ್ನೂ ಗೊತ್ತುಮಾಡಿದರು. ಅಷ್ಟರಲ್ಲಿ ಒಂದು ತಮಿಳು ಚಿತ್ರಕ್ಕೆ ಕನ್ನಡ ಮಾತು ಕೊಡುವ ಕೆಲಸ ಬಂತು. ಅವಳು ಒಪ್ಪಿಕೊಂಡಳು. ಹೋಗುವ ಸ್ವರ ಕೆಲಸ ಮಾಡುತ್ತಲೇ ಹೋಗಲಿ ಎಂದುಕೊಂಡಿರಬೇಕು.

ಚಿತ್ರದ ಕಥೆ ನಗೆಯದು. ಹಲವು ವರ್ಷ ಮಾತು ಬಿಟ್ಟ ಅಕ್ಕ ತಮ್ಮ ಒಂದೇ ಬಾಡಿಗೆ ಕಾರಿನಲ್ಲಿ ಊರಿಗೆ ಹೋಗಬೇಕಾಗುತ್ತದೆ. ದಾರಿಯುದ್ದ ಇಬ್ಬರೂ ಡ್ರೈವರನ ಮೂಲಕವೇ ಜಗಳವಾಡುತ್ತಾರೆ. "ಅವರಿಗೆ ಹೇಳಪ್ಪ, ಕಿಟಕಿ ಮುಚ್ಚಲಿ." "ಅವರಿಗೆ ಹೇಳಪ್ಪ, ಬಾಯಿ ಮುಚ್ಚಲಿ." ಕೊನೆಗೆ ಡ್ರೈವರೇ ಕಾರು ನಿಲ್ಲಿಸಿ ಇಳಿದು ಓಡುತ್ತಾನೆ.

ಕೆಲಸ ಮಾಡಿಸುವವಳು ವೀಕ್ಷಾ, ಉಡುಪಿ ಕಡೆಯ ಹೋಟೆಲಿನವರ ಮಗಳು, ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ಈಗ ಒಂದೇ ಮೈಕಿನ ಸುತ್ತ ಯಾರೂ ನಿಲ್ಲುವುದಿಲ್ಲ. ಒಬ್ಬೊಬ್ಬರೇ ಬಂದು ತಮ್ಮ ಪಾತ್ರದ ಮಾತಷ್ಟನ್ನೇ ಹೇಳಿ ಹೋಗುತ್ತಾರೆ. ಇನ್ನೊಬ್ಬರ ಮಾತು ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ಮೊದಲ ದಿನ ಹೆಡ್‌ಫೋನು ಹಾಕಿಕೊಂಡ ಜಯಲಕ್ಷ್ಮಿ, ತಮ್ಮನ ಪಾತ್ರ ಬಾಯಿ ತೆರೆದ ಕೂಡಲೇ ಕುರ್ಚಿ ಹಿಡಿದುಕೊಂಡಳು. ಸ್ವರ ಸುರೇಶನದು.

"ಏನಾಚು ಮೇಡಂ?" ವೀಕ್ಷಾ ಗಾಜಿನ ಆಚೆಯಿಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳು.

"ಇವರನ್ನು ಯಾರು ಆರಿಸಿದ್ದು?"

"ನಾನೇ. ಇಬ್ಬರ ಸ್ಯಾಂಪಲ್ಲೂ ಕೇಳಿದೆ. ಒಂದೇ ಮನೆ ಸ್ವರದ ಮಾದಿರಿ ಇತ್ತು. ಸೂಪರ್ ಅಲ್ವಾ?"

ಜಯಲಕ್ಷ್ಮಿ ಹಾಳೆ ತಿರುಗಿಸಿದಳು. ಬೆಳಿಗ್ಗೆ ಸುರೇಶ್ ಬಂದು ಹೋಗುವುದು, ಹನ್ನೊಂದರ ಮೇಲೆ ಅಕ್ಕ ಬರುವುದು. ಎರಡನೆಯ ದಿನದಿಂದ ವೀಕ್ಷಾಳ ಬಾಯಿಯಲ್ಲಿ ಸುದ್ದಿ ಓಡಾಡತೊಡಗಿತು.

"ಮೇಡಂ, ಸುರೇಶ್ ಸಾರ್ ಹೇಳಿದ್ರು, ಏಳನೇ ಸೀನಲ್ಲಿ ಅಕ್ಕ ಎಳೀತಾರಂತೆ. ತುಟಿ ಮುಚ್ಚಿದ ಮೇಲೂ ಮಾತು ಬರುತ್ತಂತೆ."

"ಅವರಿಗೆ ಹೇಳು, ಐವತ್ತು ವರ್ಷದಿಂದ ಅವರ ಉಸಿರು ಅರ್ಧ ಕ್ಷಣ ತಡ. ಮೊದಲು ಅದನ್ನು ರಿಪೇರಿ ಮಾಡಿಸ್ಲಿ."

"ಅಯ್ಯೋ, ಹಾಗಾದ್ರೆ ನಾನೇನು ಇಲ್ಲಿ ಆ ಕಾರ್ ಡ್ರೈವರಾ?" ಎಂದು ವೀಕ್ಷಾ ನಕ್ಕಳು. ಅವರು ಒಡಹುಟ್ಟಿದವರೆಂದು ಅವಳಿಗೆ ಗೊತ್ತಾದದ್ದು ಆಗಲೇ.

ಒಂಬತ್ತನೆಯ ದಿನ ಒಂದು ನಗುವಿನ ದೃಶ್ಯ ಬಂತು. ಪಾತ್ರದ ಅಕ್ಕ ಹೊಟ್ಟೆ ಹಿಡಿದುಕೊಂಡು ನಗಬೇಕು. ಜಯಲಕ್ಷ್ಮಿ ಆರು ಸಲ ನಕ್ಕಳು. ಏಳನೆಯ ಸಲ ಬರೀ ಗಾಳಿ ಬಂತು. ಹಾಳೆಯ ನಡುವೆ ಗುರುತಿಗೆಂದು ಇಟ್ಟಿದ್ದ ಆಸ್ಪತ್ರೆಯ ಚೀಟಿಯನ್ನು ವೀಕ್ಷಾ ಓದಿದಳು. ಮರುದಿನ ಸುರೇಶ್ ಆ ನಗುವಿಗೆ ತನ್ನ ನಗು ಸೇರಿಸಲು ಬಂದವನು, ಹೆಡ್‌ಫೋನು ತೆಗೆದಿಟ್ಟ. "ಈ ಉಸಿರಿನ ತುದಿ ಹರಿದಿದೆ. ಇವಳಿಗೆ ಏನಾಗಿದೆ?" ವೀಕ್ಷಾ ಮುಚ್ಚಿಡಲಿಲ್ಲ.

ಅವತ್ತು ಹನ್ನೊಂದಕ್ಕೆ ಜಯಲಕ್ಷ್ಮಿ ಬಂದಾಗ ಹೊರಗಿನ ಬೆಂಚಿನ ಮೇಲೆ ಸುರೇಶ್ ಕೂತಿದ್ದ. ಪಕ್ಕದಲ್ಲಿ ಎರಡು ಲೋಟ ಕಾಫಿ. ಅಕ್ಕನ ಮುಖ ನೋಡದೆ ವೀಕ್ಷಾಳಿಗೆ ಹೇಳಿದ, "ಅವರಿಗೆ ಹೇಳು, ಕಾಫಿ ಆರ್ತಾ ಉಂಟು."

"ನಾನು ಡ್ರೈವರ್ ಅಲ್ಲ ಸಾರ್. ಓಡಿ ಹೋದೆ," ಎಂದು ವೀಕ್ಷಾ ಒಳಗೆ ನಡೆದಳು.

ಜಯಲಕ್ಷ್ಮಿ ಬೆಂಚಿನ ತುದಿಯಲ್ಲಿ ಕೂತಳು.

"ಯಾವತ್ತು?" ಸುರೇಶ್ ಕೇಳಿದ.

"ಸೋಮವಾರ."

"ಜೊತೆಗೆ ಯಾರಿದ್ದಾರೆ?"

"ನಾನಿದ್ದೇನಲ್ಲ."

"ಗಂಟಲು ಹೋಗ್ತಾ ಉಂಟು, ಜಂಬ ಮಾತ್ರ ಎಲ್ಲಿಗೂ ಹೋಗ್ಲಿಲ್ಲ ನಿಂದು."

"ನಿನ್ನ ಡೊಳ್ಳು ಹೊಟ್ಟೆಯೂ ಹಾಗೇ ಉಂಟಲ್ಲ."

ಸುರೇಶ್ ನಗಲು ಹೋಗಿ ತಡೆದುಕೊಂಡ. ತಲೆ ತಗ್ಗಿಸಿ ಹೇಳಿದ: "ಅಕ್ಕಾ, ಸೋಮವಾರದ ಮೇಲೆ ನಿನಗೆ ಹೇಳ್ಲಿಕ್ಕೆ ಆಗುದಿಲ್ಲ. ನನಗೆ ಜಗಳ ಬೇಡ ಇನ್ನು. ಅಮ್ಮ ನನಗೆ ಕೊಟ್ಟ ಆಶೀರ್ವಾದ ಎಂತದ್ದು, ಅಷ್ಟು ಹೇಳು."

ಜಯಲಕ್ಷ್ಮಿ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. ಬೇಕೆಂದಿದ್ದರೆ ಅಮ್ಮಣ್ಣಿಯ ಸ್ವರವನ್ನೇ ತೆಗೆದು ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ತನ್ನ ಹರಿದ ಸ್ವರದಲ್ಲಿ, ನೆಲ ನೋಡುತ್ತ ಹೇಳಿದಳು.

"ಆಶೀರ್ವಾದ ಅಲ್ಲ ಮಾರಾಯ. 'ನನ್ನನ್ನು ಇವಳ ಕೈಯಿಂದ ಬಿಡಿಸಿಕೊಂಡು ಹೋಗು ಮಗ' ಅಂದ್ಲು. 'ಇವಳು ಗಂಜಿಗೆ ಉಪ್ಪು ಹಾಕುದಿಲ್ಲ, ತಲೆಗೆ ಎಣ್ಣೆ ಹಚ್ಚುದಿಲ್ಲ, ಕರೆದ್ರೆ ಬರುದಿಲ್ಲ. ನಾನು ಸಾಯ್ಲಿ ಅಂತ ಕಾಯ್ತಿದ್ದಾಳೆ' ಅಂದ್ಲು. ಉಪ್ಪು ಬೇಡ ಅಂದದ್ದು ಡಾಕ್ಟ್ರು. ಎಣ್ಣೆ ವಾರ ವಾರ ಹಚ್ಚಿದ್ದೇನೆ. ಅದು ಇರ್ಲಿ. 'ಆಯ್ತಮ್ಮ, ನಾಳೆಯೇ ಕರ್ಕೊಂಡು ಹೋಗ್ತೇನೆ, ಅಕ್ಕನಿಗೆ ಸರಿಯಾಗಿ ಬೈತೇನೆ' ಅಂತ ನಿನ್ನ ಸ್ವರದಲ್ಲಿ ನಾನೇ ಹೇಳಿದೆ. ಅದಕ್ಕೆ ನಕ್ಕಳು."

ಬೀದಿಯಲ್ಲಿ ಬಸ್ಸು ಹಾರನ್ನು ಹೊಡೆಯುತ್ತಲೇ ಇತ್ತು. ಸುರೇಶ್ ಅಕ್ಕನ ಕಡೆ ತಿರುಗಿದ.

"ಇದನ್ನಾ ನೀನು ಹದಿನೇಳು ವರ್ಷ…"

"ನೀನು ಆಶೀರ್ವಾದ ಅಂದ್ಕೊಂಡಿದ್ದೆ. ಹಾಗೇ ಇರ್ಲಿ ಅಂತ ಬಿಟ್ಟೆ. ಅರ್ಧ ಅದು. ಇನ್ನರ್ಧ ನನ್ನ ನಾಚಿಕೆ. ಸಾಯುವವಳ ಬಾಯಲ್ಲಿ ಅದನ್ನು ಕೇಳಿದವಳು ನಾನಲ್ವಾ? ಯಾರ ಹತ್ರ ಹೇಳ್ಲಿ?"

"ಆ ಒಂಬತ್ತು ವರ್ಷದಲ್ಲಿ ನಾನು ಎಷ್ಟು ಸಲ ಬಂದಿದ್ದೆ?"

"ನಾಲ್ಕು."

"ಎಣಿಸಿ ಇಟ್ಟಿದ್ದೀಯಾ?"

"ಅಮ್ಮ ಎಣಿಸ್ತಿದ್ಲು."

ಐವತ್ತೊಂಬತ್ತು ವರ್ಷದ ಗಂಡಸು ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅತ್ತ. ಜಯಲಕ್ಷ್ಮಿ ಅವನ ಬೆನ್ನಿನ ಮೇಲೆ ಕೈ ಇಡಲೆಂದು ಎತ್ತಿದಳು. ಏನು ತೋಚಿತೋ, ಸೆರಗು ಸರಿಮಾಡಿಕೊಂಡಳು.

ಒಳಗಿನಿಂದ ವೀಕ್ಷಾ ಬಂದಳು. ಉಳಿದದ್ದು ಕೊನೆಯ ದೃಶ್ಯ ಒಂದೇ, ಅಕ್ಕನಿಗೆ ಹನ್ನೊಂದು ಸಾಲು. ಮೇಡಂ ಕಷ್ಟಪಡಬೇಕಾಗಿಲ್ಲ, ಈವರೆಗೆ ರೆಕಾರ್ಡು ಮಾಡಿದ ಸ್ವರವನ್ನು ಕಂಪ್ಯೂಟರಿಗೆ ಕೊಟ್ಟರೆ ಉಳಿದದ್ದನ್ನು ಅದೇ ಹೇಳುತ್ತದೆ, ಈಗ ಎಲ್ಲರೂ ಹಾಗೆ ಮಾಡುತ್ತಾರೆ ಎಂದಳು. ಸುರೇಶ್ ಕಣ್ಣೊರಸಿಕೊಂಡು ಎದ್ದು ನಿಂತ. ಅಕ್ಕನಿಗೆ ಏನಾದರೂ ಮಾಡಿಕೊಡಬೇಕೆಂಬ ಅವಸರ ಅವನಿಗೆ.

"ಹಾಗೇ ಮಾಡುವ. ನೀನು ಸೀದಾ ನಮ್ಮ ಮನೆಗೆ ನಡಿ, ಮಲಗು. ನಾನು ಇಲ್ಲಿ ಕೂತು ಮಾಡಿಸ್ತೇನೆ. ನಿನ್ನ ಸ್ವರ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ನೀನಲ್ಲ ಅಂತ ಯಾರಿಗೂ ಗೊತ್ತಾಗುದಿಲ್ಲ, ನೋಡು."

ಜಯಲಕ್ಷ್ಮಿ ಎದ್ದು ಹಾಳೆ ತೆಗೆದುಕೊಂಡಳು. ಮೈಕಿನ ಕೋಣೆಯ ದಪ್ಪ ಬಾಗಿಲು ತಳ್ಳಿ ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಬೇಡ ಸುರೇಶ. ಯಾರಿಗೂ ಗೊತ್ತಾಗುದಿಲ್ಲ ಅಂತಲೇ ನಾನೂ ಅವತ್ತು ಅಮ್ಮನ ಹತ್ರ ಹೋಗಿ ಕೂತದ್ದು. ಹನ್ನೊಂದು ಸಾಲು ಅಲ್ವಾ, ಗಂಟಲಲ್ಲಿ ಎಷ್ಟು ಉಂಟೋ ಅಷ್ಟು ಬರ್ಲಿ. ಒಡೆದ್ರೆ ಒಡೆದದ್ದನ್ನೇ ಇಟ್ಕೊಳ್ಳಿ. ನೀನು ಈ ಬಾಗಿಲು ಹಾಕಿ ಆಚೆ ಕೂತ್ಕೊ."